ಲಿಂಕನ್ ಪಾರ್ಟಿಗೆ ಕಪ್ಪು ಜನ ಯಾಕೆ ವೋಟು ಹಾಕಲ್ಲ?

ಪ್ರಶ್ನೆ: ಸರ್ ನಮಸ್ತೆ. ನನ್ನ ತಮ್ಮ ಅಟ್ಲಾಂಟಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದಾನೆ. ಗುಲಾಮಗಿರಿ ತೆಗೆದ ಲಿಂಕನ್ ರಿಪಬ್ಲಿಕನ್, ಅದನ್ನ ಉಳಿಸ್ಕೊಬೇಕು ಅಂದೋರು ಡೆಮಾಕ್ರಟ್, ಆದ್ರೂ ಇವತ್ತು ಕಪ್ಪು ಜನ ಹೆಚ್ಚಾಗಿ ಡೆಮಾಕ್ರಟ್‌ಗೇ ವೋಟು ಹಾಕ್ತಾರೆ, ಇದು ಯಾವಾಗ ಉಲ್ಟಾ ಆಯ್ತು ಅಂತ ನಮ್ಮಿಬ್ಬರಿಗೂ ಫೋನಲ್ಲೇ ವಾದ ಆಯ್ತು. 1964ರಲ್ಲಿ ಒಂದು ಕಾನೂನು ಬಂತು, ಅವತ್ತೇ ಉಲ್ಟಾ ಆಯ್ತು ಅಂತಾನೆ ಅವನು. ನಿಜಾನಾ? ಇನ್ನೊಂದು, 1870ರಲ್ಲೇ ಕಪ್ಪು ಜನರಿಗೆ ವೋಟಿನ ಹಕ್ಕು ಸಿಕ್ತು ಅಂತ ಪುಸ್ತಕದಲ್ಲಿದೆ, ಮತ್ತೆ 1965ರಲ್ಲಿ ಇನ್ನೊಂದ್ಸಲ ಯಾಕೆ ಕೊಡಬೇಕಾಯ್ತು?

ಉತ್ತರ: ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಅದು ಅರ್ಥ ಆಗದೆ ಮೊದಲನೇದಕ್ಕೆ ಯಾರು ಏನು ಉತ್ತರ ಕೊಟ್ರೂ ಅದು ಬರೀ ಪಾರ್ಟಿ ಜಗಳ ಆಗಿಬಿಡುತ್ತೆ. ಈ ಕಥೇನ ಸಾಮಾನ್ಯವಾಗಿ ಲೀಡರ್‌ಗಳ ಕಡೆಯಿಂದ ಹೇಳ್ತಾರೆ, ಲಿಂಕನ್ ಹೀಗ್ಮಾಡಿದ್ರು, ಜಾನ್ಸನ್ ಹಾಗ್ಮಾಡಿದ್ರು ಅಂತ. ನಾನು ವರ್ಷಗಟ್ಟಲೆ ಇದನ್ನ ಪಾಠ ಮಾಡಿ ಕಂಡ್ಕೊಂಡಿದ್ದು ಏನಂದ್ರೆ ಮೊದಲು ವೋಟರ್ ಲಿಸ್ಟ್ ನೋಡ್ಬೇಕು. ಅದರಲ್ಲಿ ಯಾರ ಹೆಸರಿತ್ತು, ಯಾರದ್ದು ಇರಲಿಲ್ಲ, ಯಾವ ವರ್ಷ ಸೇರ್ತು, ಇಷ್ಟು ಗೊತ್ತಾದ್ರೆ ಪಾರ್ಟಿಗಳು ಯಾಕೆ ಮಗ್ಗಲು ಬದಲಾಯಿಸಿದ್ವು ಅನ್ನೋದು ಕಣ್ಣಿಗೆ ಕಾಣುತ್ತೆ.

ನಿಮ್ಮ ಪುಸ್ತಕದಲ್ಲಿರೋದು ಸರಿ. ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಗೂ ಉತ್ತರಕ್ಕೂ ನಡೆದ ಅಂತರ್ಯುದ್ಧ ಮುಗಿದ ಮೇಲೆ ಸಂವಿಧಾನಕ್ಕೆ ಬಂದ 1865ರ 13ನೇ ತಿದ್ದುಪಡಿ ಗುಲಾಮಗಿರಿ ತೆಗೀತು, 1868ರ 14ನೇದು ಪೌರತ್ವ ಕೊಡ್ತು, 1870ರ 15ನೇದು ಬಣ್ಣ ನೋಡಿ ಯಾರ ವೋಟನ್ನೂ ತಡೆಯೋ ಹಾಗಿಲ್ಲ ಅಂತು (ಆಗ ಗಂಡಸರಿಗೆ ಮಾತ್ರ, ಹೆಂಗಸರ ವೋಟಿಗೆ ದೇಶಕ್ಕೆಲ್ಲ ಅನ್ವಯಿಸೋ ತಿದ್ದುಪಡಿ ಬಂದಿದ್ದು 1920ರಲ್ಲಿ). ದಕ್ಷಿಣದಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಸೈನ್ಯ ಇತ್ತು, ಅದರ ಕಾವಲಲ್ಲಿ ನಿನ್ನೆ ಮೊನ್ನೆವರೆಗೂ ಗುಲಾಮರಾಗಿದ್ದ ಜನ ಸಾಲಲ್ಲಿ ನಿಂತು ವೋಟು ಹಾಕಿದ್ರು, ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಅನ್ನೋ ಕಪ್ಪು ಪಾದ್ರಿ 1870ರಲ್ಲೇ ಅಮೆರಿಕಾ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ಹೋದ್ರು. ಆ ಜನರ ವೋಟೆಲ್ಲ ಲಿಂಕನ್ ಪಾರ್ಟಿಗೇ ಬೀಳ್ತಿತ್ತು, ಅದು ಸಹಜ ಕೂಡ. ಆಮೇಲೆ 1876ರ ಅಧ್ಯಕ್ಷ ಚುನಾವಣೆ ತಕರಾರಿಗೆ ಬಿತ್ತು, ರಾಜಿ ಆಯ್ತು, ರಿಪಬ್ಲಿಕನ್ ಹೇಯ್ಸ್ ಅಧ್ಯಕ್ಷರಾದ್ರು, 1877ರಲ್ಲಿ ದಕ್ಷಿಣದಲ್ಲಿ ಉಳಿದಿದ್ದ ಸೈನ್ಯದ ಕಾವಲು ಹೋಯ್ತು. ಆ ಜನರನ್ನ ಅವತ್ತು ನಡುನೀರಲ್ಲಿ ಬಿಟ್ಟಿದ್ದು ಲಿಂಕನ್ ಪಾರ್ಟಿಯೇ, ಇದನ್ನ ನಿಮ್ಮ ತಮ್ಮನಿಗೆ ಮರೀದೆ ಹೇಳಿ.

ಮುಂದೆ ಆಗಿದ್ದು ಇನ್ನೂ ನೋವಿನ ವಿಷಯ. ತಿದ್ದುಪಡಿ ಹಾಗೇ ಇತ್ತು, ಯಾರೂ ಅದನ್ನ ರದ್ದು ಮಾಡಲಿಲ್ಲ, ರಾಜ್ಯಗಳು ಬಣ್ಣ ಅನ್ನೋ ಪದಾನೇ ಬಳಸದೆ ಕಾನೂನು ಮಾಡಿದ್ವು. 1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರ್ಕೊಂತು, ವೋಟು ಹಾಕ್ಬೇಕಂದ್ರೆ ಪೋಲ್ ಟ್ಯಾಕ್ಸ್ ಅನ್ನೋ ತಲೆಗಂದಾಯ ಕಟ್ಟಿರ್ಬೇಕು, ರಾಜ್ಯದ ಸಂವಿಧಾನದ ಯಾವುದಾದ್ರೂ ಒಂದು ಭಾಗ ಓದ್ಬೇಕು ಇಲ್ಲಾ ಓದಿ ಹೇಳಿದ್ರೆ ಅರ್ಥ ವಿವರಿಸ್ಬೇಕು. ಯಾವ ಭಾಗ ಅಂತ ಆರಿಸೋನು ಹೆಸರು ಬರ್ಕೊಳೋ ಅಧಿಕಾರಿ, ಅಂದ್ರೆ ರಿಜಿಸ್ಟ್ರಾರ್, ಉತ್ತರ ಸರಿನಾ ತಪ್ಪಾ ಅಂತ ಹೇಳೋನೂ ಅವನೇ. ಬಿಳಿ ರೈತನಿಗೆ ಒಂದು ಸಾಲಿನ ಸುಲಭದ ಭಾಗ, ಕಪ್ಪು ಮೇಷ್ಟ್ರಿಗೆ ವಕೀಲರೇ ತಡವರಿಸೋ ಭಾಗ. ಲೂಸಿಯಾನಾದ್ದು ನೋಡಿ, 1896ರಲ್ಲಿ ಲಿಸ್ಟಲ್ಲಿದ್ದ ಕಪ್ಪು ವೋಟರ್‌ಗಳು 1,30,334. ಅಲ್ಲಿ 1898ರಲ್ಲಿ ಹೊಸ ಸಂವಿಧಾನ ಬಂತು, 1867ರ ಜನವರಿ 1ಕ್ಕೆ ಮುಂಚೆ ನಿಮ್ಮಪ್ಪ ಅಥವಾ ತಾತನಿಗೆ ವೋಟಿನ ಹಕ್ಕಿದ್ದಿದ್ರೆ ನಿಮಗೆ ಈ ಪರೀಕ್ಷೆ ಬೇಡ ಅಂತ ಒಂದು ಕಲಮು ಹಾಕಿದ್ರು, ಗುಲಾಮರಾಗಿದ್ದೋರ ಮಕ್ಕಳಿಗೆ ಅಂಥ ಅಪ್ಪ ತಾತ ಎಲ್ಲಿಂದ ಬರ್ಬೇಕು? 1904ರ ಹೊತ್ತಿಗೆ ಉಳಿದಿದ್ದು 1,342 ಹೆಸರು. ಒಂದು ಲಕ್ಷದ ಮೂವತ್ತು ಸಾವಿರ ಜನ ಎಂಟೇ ವರ್ಷದಲ್ಲಿ ಲಿಸ್ಟಿಂದ ಮಾಯ.

ನಮ್ಮಲ್ಲಿ 1951-52ರ ಮೊದಲ ಮಹಾಚುನಾವಣೆಗೆ 17 ಕೋಟಿಗೂ ಹೆಚ್ಚು ಜನರ ಹೆಸರು ಬರೆದಿದ್ರು, ಅದರಲ್ಲಿ ಓದು ಬರಹ ಬರ್ತಿದ್ದೋರು ಕಮ್ಮಿ, ಅದಕ್ಕೇ ಎತ್ತು, ಗುಡಿಸಲು ಅಂತ ಚಿಹ್ನೆ ಕೊಟ್ಟಿದ್ದು. ಅಕ್ಷರ ಬರಲ್ಲ ಅಂತ ನಮ್ಮ ಅಜ್ಜಿಯಂದಿರನ್ನ ಯಾರೂ ಬೂತಿಂದ ವಾಪಸ್ ಕಳಿಸಲಿಲ್ಲ. ಅದೇ ವರ್ಷಗಳಲ್ಲಿ, ಪ್ರಜಾಪ್ರಭುತ್ವದ ಹಿರಿಯಣ್ಣ ಅನ್ನಿಸ್ಕೊಂಡ ದೇಶದಲ್ಲಿ, ಕಾಲೇಜು ಓದಿದ ಕಪ್ಪು ಮನುಷ್ಯ ಕೂಡ ಪರೀಕ್ಷೆ ಫೇಲ್ ಅಂತ ಕಚೇರಿಯಿಂದ ಹೊರಗೆ ಬರ್ತಿದ್ದ.

ಈಗ ಮೊದಲನೇ ಪ್ರಶ್ನೆ. ದಕ್ಷಿಣದಲ್ಲಿ ಕಪ್ಪು ವೋಟೇ ಇಲ್ಲ ಅಂದ್ಮೇಲೆ ಅಲ್ಲಿ ರಿಪಬ್ಲಿಕನ್ ಪಾರ್ಟಿನೂ ಹೆಚ್ಚುಕಮ್ಮಿ ಇಲ್ಲ, ಬಿಳಿಯರದ್ದೇ ಡೆಮಾಕ್ರಟ್ ಪಾರ್ಟಿ, ಅದೊಂದೇ ಪಾರ್ಟಿ. ಆದ್ರೆ ಮೊದಲ ಮಹಾಯುದ್ಧದ ಕಾಲದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಹತ್ತಿ ಹೊಲ ಬಿಟ್ಟು ರೈಲು ಹತ್ತಿ ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಕಡೆ ಹೋದ್ರು. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಬೇರು ಇದು, ಪಠ್ಯಪುಸ್ತಕಗಳು ಒಂದು ಸಾಲಲ್ಲಿ ಮುಗಿಸಿಬಿಡ್ತಾವೆ. ಮಿಸಿಸಿಪ್ಪಿಯಲ್ಲಿ ವೋಟಿಲ್ಲದವನು ಶಿಕಾಗೊ ಸ್ಟೇಷನ್ನಲ್ಲಿ ಇಳಿದು ಅಲ್ಲಿ ನೆಲೆಸಿದ ಮೇಲೆ ವೋಟರ್ ಆಗ್ತಿದ್ದ, ಅಲ್ಲಿನ ಡೆಮಾಕ್ರಟ್ ಲೀಡರ್‌ಗಳಿಗೆ ಆ ವೋಟು ಬೇಕಿತ್ತು. 1929ರ ಆರ್ಥಿಕ ಕುಸಿತ ಬಂತು, ಡೆಮಾಕ್ರಟ್ ಅಧ್ಯಕ್ಷ ರೂಸ್‌ವೆಲ್ಟ್ ಅವರ ನ್ಯೂ ಡೀಲ್ ಅನ್ನೋ ಕೆಲಸ, ನೆರವಿನ ಸರ್ಕಾರಿ ಯೋಜನೆಗಳು ಬಂದ್ವು, ಅದರಲ್ಲಿ ತಾರತಮ್ಯ ಬೇಕಾದಷ್ಟಿತ್ತು (1935ರ ಸೋಷಿಯಲ್ ಸೆಕ್ಯುರಿಟಿ ಅನ್ನೋ ಪಿಂಚಣಿ ಯೋಜನೆಯಲ್ಲಿ ಹೊಲದ ಕೂಲಿಯವರು, ಮನೆಗೆಲಸದವರನ್ನ ಹೊರಗಿಟ್ರು, ಕಪ್ಪು ಜನ ಹೆಚ್ಚಾಗಿ ಮಾಡ್ತಿದ್ದಿದ್ದೇ ಆ ಎರಡು ಕೆಲಸ), ಆದ್ರೂ ಹೊಟ್ಟೆಗೆ ಅನ್ನ, ಕೈಗೆ ಕೆಲಸ ಅಂತ ಏನೋ ಸಿಕ್ತು. 1936ರ ಚುನಾವಣೆಗೆ ಕಪ್ಪು ವೋಟರ್‌ಗಳಲ್ಲಿ ಹೆಚ್ಚಿನವರು ರೂಸ್‌ವೆಲ್ಟ್ ಕಡೆ ಬಂದಾಗಿತ್ತು. ಅಂದ್ರೆ ನಿಮ್ಮ ತಮ್ಮ ಹೇಳೋ ತಾರೀಖಿಗೆ 28 ವರ್ಷ ಮೊದಲೇ ಕಪ್ಪು ಜನ ಹೊರಳೋಕೆ ಶುರು ಮಾಡಿದ್ರು. ದಕ್ಷಿಣದ ಬಿಳಿಯರು ಹೊರಳಿದ್ದು ಬೇರೆ ಕಥೆ, ಬೇರೆ ವೇಗ.

ಒಂದೇ ಪಾರ್ಟಿಯೊಳಗೆ ಉತ್ತರದ ಕಪ್ಪು ವೋಟರ್, ದಕ್ಷಿಣದ ಬಿಳಿ ಜಮೀನ್ದಾರ, ಈ ಸಂಸಾರ ಎಷ್ಟು ದಿನ ನಡೆಯುತ್ತೆ? ಎರಡನೇ ಮಹಾಯುದ್ಧ ಮುಗಿದು 1946ರ ಫೆಬ್ರವರಿಯಲ್ಲಿ ಐಸಾಕ್ ವುಡರ್ಡ್ ಅನ್ನೋ ಕಪ್ಪು ಸೈನಿಕ ಡಿಸ್‌ಚಾರ್ಜ್ ಆಗಿ ಯೂನಿಫಾರ್ಮಲ್ಲೇ ಬಸ್ಸಲ್ಲಿ ಮನೆಗೆ ಹೊರಟಿದ್ರು, ಸೌತ್ ಕ್ಯಾರೊಲಿನಾದಲ್ಲಿ ಪೊಲೀಸರು ಇಳಿಸಿ ಹೊಡೆದ ಹೊಡೆತಕ್ಕೆ ಎರಡು ಕಣ್ಣೂ ಹೋದ್ವು. ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್ ಈ ಸುದ್ದಿ ಕೇಳಿ ಕಲಕಿಹೋದ್ರು, 1948ರ ಜುಲೈ 26ಕ್ಕೆ ಸೈನ್ಯದಲ್ಲಿ ಬಣ್ಣಭೇದ ತೆಗೆಯೋ ಆದೇಶಕ್ಕೆ ಸಹಿ ಹಾಕಿದ್ರು. ಉತ್ತರದ ಕಪ್ಪು ವೋಟು ಬೇಕು ಅನ್ನೋ ಲೆಕ್ಕಾಚಾರವೂ ಅದರಲ್ಲಿತ್ತು, ಎರಡೂ ನಿಜ. ಅದೇ ತಿಂಗಳು ಪಾರ್ಟಿ ಅಧಿವೇಶನದಿಂದ ದಕ್ಷಿಣದ ಒಂದಷ್ಟು ಜನ ಎದ್ದು ಹೋಗಿ ಸೌತ್ ಕ್ಯಾರೊಲಿನಾ ಗವರ್ನರ್ ಸ್ಟ್ರಾಮ್ ಥರ್ಮಂಡ್ ಅವರನ್ನ ಬೇರೆ ಕ್ಯಾಂಡಿಡೇಟ್ ಮಾಡಿದ್ರು, ಅವರು ನಾಲ್ಕು ರಾಜ್ಯ ಗೆದ್ರು. ಬಿರುಕು ಮೊದಲು ಬಾಯಿ ಬಿಟ್ಟಿದ್ದು ಅಲ್ಲಿ.

ಇನ್ನು 1964. ಇದನ್ನ ಒಬ್ಬ ಹೆಂಗಸಿನ ಮೂಲಕ ಹೇಳ್ತೀನಿ, ನನಗೆ ಈ ಕಾಲ ಅಂದ್ರೆ ಮೊದಲು ನೆನಪಾಗೋದು ಅವರೇ. ಫ್ಯಾನಿ ಲೂ ಹೇಮರ್, ಇಪ್ಪತ್ತು ಮಕ್ಕಳಲ್ಲಿ ಕೊನೇಯವರು, ಮಿಸಿಸಿಪ್ಪಿಯ ಸನ್‌ಫ್ಲವರ್ ಕೌಂಟಿಯಲ್ಲಿ ಬಿಳಿಯರ ಹತ್ತಿ ಜಮೀನಲ್ಲಿ ಪಾಲಿಗೆ ಗೇಯೋ ಮನೆತನ, ನಮ್ಮಲ್ಲಿ ಕೋರು ಅಂತೀವಲ್ಲ ಆ ಥರ. 1962ರ ಆಗಸ್ಟ್ 31ಕ್ಕೆ ಹದಿನೇಳು ಜನರ ಜೊತೆ ಬಸ್ಸಲ್ಲಿ ಇಂಡಿಯನೋಲಾ ಕೋರ್ಟಿಗೆ ಹೆಸರು ಬರೆಸೋಕೆ ಹೋದ್ರು. ಡಿ ಫ್ಯಾಕ್ಟೊ ಕಾನೂನು (ಬರಹದಲ್ಲಿ ಇಲ್ಲದಿದ್ರೂ ರೂಢಿಯಲ್ಲಿ ನಡೆಯೋದು) ಅಂದ್ರೇನು ವಿವರಿಸು ಅಂದ್ರು, ಫೇಲ್ ಮಾಡಿದ್ರು. ವಾಪಸ್ ಬರುವಾಗ ಬಸ್ಸಿನ ಹಳದಿ ಬಣ್ಣ ಜಾಸ್ತಿ ಆಗಿದೆ ಅಂತ ಪೊಲೀಸರು ದಂಡ ಹಾಕಿದ್ರು. ಮನೆಗೆ ಬರೋಷ್ಟರಲ್ಲಿ ಜಮೀನಿನ ಮಾಲೀಕನಿಗೆ ಸುದ್ದಿ ಮುಟ್ಟಿತ್ತು, ಅರ್ಜಿ ವಾಪಸ್ ತಗೋ ಇಲ್ಲಾ ಜಾಗ ಖಾಲಿ ಮಾಡು ಅಂದ. ನಾನು ಹೆಸರು ಬರೆಸೋಕೆ ಹೋಗಿದ್ದು ನಿಮಗೋಸ್ಕರ ಅಲ್ಲ, ನನಗೋಸ್ಕರ ಅಂದು ಹದಿನೆಂಟು ವರ್ಷ ದುಡಿದ ಜಾಗಾನ ಅವತ್ತು ರಾತ್ರಿನೇ ಬಿಟ್ರು. ಮುಂದಿನ ಜೂನಲ್ಲಿ ವಿನೋನಾ ಅನ್ನೋ ಊರಿನ ಜೈಲಲ್ಲಿ ಪೊಲೀಸರು ಬೇರೆ ಕೈದಿಗಳ ಕೈಲಿ ಹೊಡೆಸಿದ್ರು, ಆ ಏಟಿಂದ ಆದ ಕಿಡ್ನಿ ತೊಂದರೆ ಸಾಯೋವರೆಗೂ ಹೋಗಲಿಲ್ಲ. ರಾಜ್ಯದ ಇನ್ನೊಂದು ಕಾನೂನು ಗೊತ್ತಾ, ಹೆಸರು ಬರೆಸೋಕೆ ಅರ್ಜಿ ಹಾಕಿದವರ ಹೆಸರನ್ನ ಎರಡು ವಾರ ಲೋಕಲ್ ಪೇಪರಲ್ಲಿ ಹಾಕ್ಬೇಕು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಧಣಿಗೂ ಗೊತ್ತಾಗ್ಬೇಕು, ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ಹಿಂಸಾ ಸಂಘದ ಜನಕ್ಕೂ ಗೊತ್ತಾಗ್ಬೇಕು.

ಇಲ್ಲೊಂದು ವಿಷಯ ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. ನಮ್ಮ ಕಾಗೋಡು ಸತ್ಯಾಗ್ರಹಕ್ಕೆ 1951ರಲ್ಲಿ ಬಂದು ಅರೆಸ್ಟ್ ಆಗಿದ್ರಲ್ಲ ರಾಮಮನೋಹರ ಲೋಹಿಯಾ, ಅವರು ಲೋಕಸಭಾ ಸದಸ್ಯರಾಗಿದ್ದಾಗಲೇ 1964ರ ಮೇ ತಿಂಗಳಲ್ಲಿ ಇದೇ ಮಿಸಿಸಿಪ್ಪಿಯ ಜ್ಯಾಕ್ಸನ್ ಊರಲ್ಲಿ ಬಿಳಿಯರಿಗೆ ಮಾತ್ರ ಅನ್ನೋ ಒಂದು ಹೋಟೆಲಿಗೆ ಹೋದ್ರು. ಮೈಬಣ್ಣ ನೋಡಿ ಒಳಗೆ ಬಿಡಲಿಲ್ಲ, ಮಾರನೇ ದಿನ ಹೇಳಿಯೇ ಮತ್ತೆ ಹೋದ್ರು, ಪೊಲೀಸರು ಹಿಡಿದು ವ್ಯಾನಿಗೆ ಹತ್ತಿಸಿದ್ರು. ಅಮೆರಿಕಾ ಸರ್ಕಾರ ಆಮೇಲೆ ಕ್ಷಮೆ ಕೇಳ್ತು. ಕಾಗೋಡಲ್ಲಿ ಗೇಣಿದಾರರ ಜೊತೆ ನಿಂತ ಮನುಷ್ಯ ಜ್ಯಾಕ್ಸನ್ನಲ್ಲೂ ಅದೇ ಬಾಗಿಲ ಮುಂದೆ ನಿಂತಿದ್ರು ಅನ್ನೋದು ನನಗೆ ಯಾವಾಗ್ಲೂ ಮೈ ಜುಮ್ಮೆನ್ನಿಸೋ ವಿಷಯ.

ಅದಾದ ತಿಂಗಳೊಳಗೆ, ಜೂನ್ 21ಕ್ಕೆ, ಕಪ್ಪು ಜನರ ಹೆಸರು ಬರೆಸೋ ಕೆಲಸಕ್ಕೆ ನಿಂತಿದ್ದ ಚೇನಿ, ಗುಡ್‌ಮನ್, ಶ್ವೆರ್ನರ್ ಅನ್ನೋ ಮೂರು ಹುಡುಗರನ್ನ ನೆಶೋಬಾ ಕೌಂಟಿಯಲ್ಲಿ ಕೊಂದು ಮಣ್ಣಿನ ಏರಿಯೊಳಗೆ ಹೂತ್ರು, ಹೆಣ ಸಿಕ್ಕಿದ್ದು ಆಗಸ್ಟ್ 4ಕ್ಕೆ. ಈ ಮಧ್ಯೆ ಜುಲೈ 2ಕ್ಕೆ ಡೆಮಾಕ್ರಟ್ ಅಧ್ಯಕ್ಷ ಜಾನ್ಸನ್ ಸಿವಿಲ್ ರೈಟ್ಸ್ ಆ್ಯಕ್ಟ್‌ಗೆ ಸಹಿ ಹಾಕಿದ್ರು, ನಿಮ್ಮ ತಮ್ಮ ಹೇಳ್ತಿರೋದು ಇದೇ ಕಾನೂನು. ಸೆನೆಟಲ್ಲಿ ಪರ 73, ವಿರುದ್ಧ 27. ವಿರುದ್ಧದ 27ರಲ್ಲಿ 21 ಜನ ಡೆಮಾಕ್ರಟ್, ಆರೇ ಜನ ರಿಪಬ್ಲಿಕನ್! ರಿಪಬ್ಲಿಕನ್ ಲೀಡರ್ ಎವರೆಟ್ ಡರ್ಕ್ಸನ್ ತಮ್ಮ ಕಡೆಯವರನ್ನ ಒಪ್ಪಿಸದೆ ಇದ್ದಿದ್ರೆ ದಕ್ಷಿಣದ ಡೆಮಾಕ್ರಟ್‌ರು ಎರಡು ತಿಂಗಳು ಮಾತಾಡ್ತಾನೇ ಇದ್ದು ಬಿಲ್ ತಡೆದಿಟ್ಟಿದ್ರಲ್ಲ, ಅದು ಮುರೀತಾನೇ ಇರಲಿಲ್ಲ. ಹಾಗಾಗಿ ಒಂದು ಪಾರ್ಟಿ ಪೂರ್ತಿ ದೇವರು ಇನ್ನೊಂದು ಪೂರ್ತಿ ದೆವ್ವ ಅಂತ ಯಾರಾದ್ರೂ ಹೇಳಿದ್ರೆ ಈ ಲೆಕ್ಕ ತೋರಿಸಿ. ಆದ್ರೆ ಆ ಆರರಲ್ಲಿ ಒಬ್ಬರು ಅರಿಜೋನಾದ ಬ್ಯಾರಿ ಗೋಲ್ಡ್‌ವಾಟರ್, ಅದೇ ತಿಂಗಳು ರಿಪಬ್ಲಿಕನ್ ಪಾರ್ಟಿ ಅಧ್ಯಕ್ಷ ಚುನಾವಣೆಗೆ ನಿಲ್ಲಿಸಿದ್ದು ಅವರನ್ನೇ.

ಆಗಸ್ಟಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟ್ ಅಧಿವೇಶನ. ಮಿಸಿಸಿಪ್ಪಿಯಿಂದ ಬಂದ ಪ್ರತಿನಿಧಿಗಳೆಲ್ಲ ಬಿಳಿಯರು. ಹೇಮರ್ ಮತ್ತವರ ಸಂಗಡಿಗರು ತಮ್ಮದೇ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಕಟ್ಕೊಂಡು, ನಮ್ಮನ್ನ ವೋಟೇ ಹಾಕೋಕೆ ಬಿಡದೆ ಆರಿಸಿ ಬಂದ ಇವರು ಪ್ರತಿನಿಧಿಗಳು ಹೇಗಾಗ್ತಾರೆ ಅಂತ ಕೇಳಿದ್ರು. ಆಗಸ್ಟ್ 22ಕ್ಕೆ ಹೇಮರ್ ಕ್ಯಾಮೆರಾ ಮುಂದೆ ಕೂತು, ಕೆಲಸ ಹೋಗಿದ್ದು, ಜೈಲಲ್ಲಿ ಹೊಡೆಸಿದ್ದು ಎಲ್ಲ ಹೇಳ್ತಾ ಇದು ಅಮೆರಿಕಾನಾ ಅಂತ ಕೇಳಿದಾಗ, ಶ್ವೇತಭವನದಲ್ಲಿ ಜಾನ್ಸನ್ ಗಾಬರಿಯಾಗಿ ದಿಢೀರ್ ಪತ್ರಿಕಾಗೋಷ್ಠಿ ಕರೆದು ಲೈವ್ ಅವರ ಕಡೆಯಿಂದ ತಮ್ಮ ಕಡೆಗೆ ತಿರುಗೋ ಹಾಗೆ ಮಾಡಿದ್ರು. ಟೀವಿಯವರು ರಾತ್ರಿ ಅದನ್ನ ಮತ್ತೆ ಹಾಕಿದ್ರು, ಜಾಸ್ತಿ ಜನ ನೋಡಿದ್ರು. ಕೊನೆಗೆ ಎರಡು ಸೀಟು ಕೊಡ್ತೀವಿ ಅಂದ್ರು, ಇವರು ಬೇಡ ಅಂದ್ರು. ಅಷ್ಟಕ್ಕೂ ಆ ಬಿಳಿ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಪಾರ್ಟಿಗೆ ನಿಷ್ಠರಾಗಿರ್ತೀವಿ ಅಂತ ಬರ್ಕೊಡೋಕೆ ಒಪ್ಪದೆ ಎದ್ದು ಹೋದ್ರು. ನವೆಂಬರಲ್ಲಿ ಜಾನ್ಸನ್ ದೇಶಕ್ಕೆಲ್ಲ ಭಾರಿ ಗೆದ್ರೂ ಗೋಲ್ಡ್‌ವಾಟರ್ ಅವರಿಗೆ ಸ್ವಂತ ಅರಿಜೋನಾ ಬಿಟ್ರೆ ಸಿಕ್ಕಿದ್ದು ದಕ್ಷಿಣದ ಐದು ರಾಜ್ಯ ಮಾತ್ರ, ಮಿಸಿಸಿಪ್ಪಿಯಲ್ಲಿ ನೂರಕ್ಕೆ 87 ವೋಟು. ಕಪ್ಪು ಜನರ ಹೆಸರು ಹೆಚ್ಚುಕಮ್ಮಿ ಲಿಸ್ಟಲ್ಲೇ ಇಲ್ಲದ ರಾಜ್ಯದ 87 ಅದು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಪೂರ್ತಿ ಉತ್ತರ. 1964ರ ಕಾನೂನು ಹೋಟೆಲು, ಸಿನಿಮಾ, ಕೆಲಸ ಇವುಗಳ ಭೇದ ಮುರೀತು, ವೋಟಿನ ಬಾಗಿಲು ಸರಿಯಾಗಿ ತೆರೀಲಿಲ್ಲ. 1965ರ ಶುರುವಲ್ಲಿ ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ ಜನಸಂಖ್ಯೆಯ ನೂರಕ್ಕೆ ಎಂಬತ್ತು ಕಪ್ಪು ಜನ, ವೋಟರ್ ಲಿಸ್ಟಲ್ಲಿ ಅವರ ಹೆಸರು ಸೊನ್ನೆ. ಪಕ್ಕದ ಸೆಲ್ಮಾ ಊರಿಂದ ಮಾರ್ಚ್ 7ಕ್ಕೆ ಸುಮಾರು 600 ಜನ ರಾಜ್ಯದ ರಾಜಧಾನಿ ಮಾಂಟ್ಗೊಮರಿ ಕಡೆ ನಡೆಯೋಕೆ ಹೊರಟು ಸೇತುವೆ ದಾಟ್ತಿದ್ದ ಹಾಗೇ ಪೊಲೀಸರು ಲಾಠಿ, ಅಶ್ರುವಾಯು, ಕುದುರೆ ಬಿಟ್ಟು ಬಡಿದ್ರು, ಮುಂದಿದ್ದ 25 ವರ್ಷದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಡ್ತು. ದೇಶ ಅದನ್ನ ಟೀವಿಯಲ್ಲಿ ನೋಡ್ತು. ಐದೇ ತಿಂಗಳಲ್ಲಿ, ಆಗಸ್ಟ್ 6ಕ್ಕೆ, ವೋಟಿಂಗ್ ರೈಟ್ಸ್ ಆ್ಯಕ್ಟ್ ಬಂತು. 1870ರದ್ದಕ್ಕೂ ಇದಕ್ಕೂ ವ್ಯತ್ಯಾಸ ಏನಂದ್ರೆ ಅದು ತತ್ವ ಹೇಳಿತ್ತು, ಇದು ಆ ತತ್ವಕ್ಕೆ ಹಲ್ಲು ಉಗುರು ಕೊಡ್ತು. ಎಲ್ಲಿ ಇಂಥ ಪರೀಕ್ಷೆಗಳಿದ್ವೋ, ಜೊತೆಗೆ 1964ರಲ್ಲಿ ಅರ್ಧಕ್ಕಿಂತ ಕಮ್ಮಿ ಜನ ವೋಟು ಹಾಕಿದ್ರೋ ಇಲ್ಲಾ ಲಿಸ್ಟಲ್ಲಿದ್ರೋ, ಅಲ್ಲಿ ಪರೀಕ್ಷೆ ಬಂದ್, ಬೇಕಾದ್ರೆ ಫೆಡರಲ್ ಅಧಿಕಾರಿನೇ ಬಂದು ಹೆಸರು ಬರೀತಾನೆ, ಚುನಾವಣಾ ನಿಯಮ ಒಂದಿಷ್ಟು ಬದಲಾಯಿಸ್ಬೇಕಂದ್ರೂ ವಾಷಿಂಗ್ಟನ್ ಒಪ್ಪಿಗೆ ಮೊದಲು ತಗೋಬೇಕು. ಮಿಸಿಸಿಪ್ಪಿಯಲ್ಲಿ ನೂರಕ್ಕೆ 6.7 ಇದ್ದ ಕಪ್ಪು ನೋಂದಣಿ 1967ಕ್ಕೆ 59.8 ಆಯ್ತು.

ಲಿಸ್ಟ್ ಬದಲಾದ್ರೆ ಏನಾಗುತ್ತೆ ಅನ್ನೋಕೆ ಅಲಬಾಮಾದ ಚುನಾವಣಾ ಚಿಹ್ನೆ ನೋಡಿ. ಅಲ್ಲಿ ಡೆಮಾಕ್ರಟ್ ಪಾರ್ಟಿ ಚಿಹ್ನೆ ಬಿಳಿ ಹುಂಜ, ಅದರ ಮೇಲೆ ಬಿಳಿಯರ ಮೇಲುಗೈ ಅನ್ನೋ ಅರ್ಥದ ಮಾತನ್ನ ಬ್ಯಾಲೆಟ್ ಪೇಪರಲ್ಲೇ ಅಚ್ಚು ಹಾಕ್ತಿದ್ರು. 1966ರಲ್ಲಿ ಆ ಮಾತು ತೆಗೆದ್ರು. ಲೌಂಡ್ಸ್ ಕೌಂಟಿಯ ಕಪ್ಪು ಜನ ಆ ಹುಂಜಕ್ಕೆ ವೋಟು ಹಾಕಲ್ಲ ಅಂತ ತಮ್ಮದೇ ಪಾರ್ಟಿಗೆ ಕರಿ ಚಿರತೆ ಚಿಹ್ನೆ ತಗೊಂಡ್ರು, ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್‌ಗಳಿಗೆ ಆ ಹೆಸರು, ಗುರುತು ಬಂದಿದ್ದು ಅಲ್ಲಿಂದ. ಇನ್ನು ಜಾರ್ಜ್ ವಾಲೇಸ್, 1963ರಲ್ಲಿ ಭೇದಭಾವ ಶಾಶ್ವತ ಅಂತ ಘೋಷಿಸಿ ಗವರ್ನರ್ ಆದವರು, 1968ರಲ್ಲಿ ಸ್ವಂತ ಪಾರ್ಟಿ ಮಾಡ್ಕೊಂಡು ದಕ್ಷಿಣದ ಐದು ರಾಜ್ಯ ಗೆದ್ದವರು, 1982ರಲ್ಲಿ ಮತ್ತೆ ಗವರ್ನರ್ ಆಗಿದ್ದು ಕಪ್ಪು ಜನರ ಹತ್ರ ತಪ್ಪಾಯ್ತು ಅಂತ ಹೇಳ್ಕೊಂಡು ಅವರ ವೋಟೂ ತಗೊಂಡು. ಅವರ ಮನಸ್ಸು ನಿಜವಾಗ್ಲೂ ಬದಲಾಗಿತ್ತು ಅಂತ ನಂಬೋರು ಇದಾರೆ, ನಾನು ಮೊದಲು ನೋಡೋದು ಲಿಸ್ಟನ್ನೇ.

ಹಾಗಾದ್ರೆ ದಕ್ಷಿಣದ ಬಿಳಿಯರು ರಿಪಬ್ಲಿಕನ್ ಆಗಿದ್ದು ಯಾವಾಗ? ಒಂದೇ ದಿನ ಅಲ್ಲ. ಥರ್ಮಂಡ್ 1964ರ ಸೆಪ್ಟೆಂಬರಲ್ಲೇ ಹೋದ್ರು, ಆದ್ರೆ ಮಿಕ್ಕ ಲೀಡರ್‌ಗಳು ಹೆಚ್ಚಿನವರು ಡೆಮಾಕ್ರಟ್ ಆಗೇ ಉಳಿದ್ರು. 1972ರಲ್ಲಿ ರಿಪಬ್ಲಿಕನ್ ನಿಕ್ಸನ್ 49 ರಾಜ್ಯ ಗೆದ್ರು, 1976ರಲ್ಲಿ ಜಾರ್ಜಿಯಾದ ಡೆಮಾಕ್ರಟ್ ಜಿಮ್ಮಿ ಕಾರ್ಟರ್ ದಕ್ಷಿಣ ಹೆಚ್ಚುಕಮ್ಮಿ ಪೂರ್ತಿ ವಾಪಸ್ ತಂದ್ರು, 1980ರಲ್ಲಿ ರಿಪಬ್ಲಿಕನ್ ರೇಗನ್ ಆ ಮೂರು ಹುಡುಗರನ್ನ ಕೊಂದ ಅದೇ ನೆಶೋಬಾ ಕೌಂಟಿಯ ಜಾತ್ರೆಯಲ್ಲಿ ರಾಜ್ಯಗಳ ಹಕ್ಕು ಅಂತ ಭಾಷಣ ಮಾಡಿದ್ರು. ಮೇಲೆ ಅಧ್ಯಕ್ಷರಿಗೆ ರಿಪಬ್ಲಿಕನ್, ಕೆಳಗೆ ಎಂಎಲ್‌ಎ ಥರದ ಸೀಟಿಗೆ ಊರಿನ ಹಳೇ ಡೆಮಾಕ್ರಟ್, ಹೀಗೆ ಮೂವತ್ತು ವರ್ಷ ನಡೀತು. ಹೌಸಲ್ಲಿ (ಸಂಸತ್ತಿನ ಕೆಳಮನೆ) ದಕ್ಷಿಣದ ಸೀಟು ಹೆಚ್ಚಿನವು ರಿಪಬ್ಲಿಕನ್ ಪಾಲಾಗಿದ್ದು 1994ರಲ್ಲಿ. ಬಣ್ಣ ಒಂದೇ ಕಾರಣ ಅಂತಾನೂ ನಾನು ಹೇಳಲ್ಲ, ಉತ್ತರದಿಂದ ಬಂದ ಕಂಪನಿಗಳು, ಊರಾಚೆಯ ಹೊಸ ಬಡಾವಣೆಗಳು, ಗರ್ಭಪಾತದ 1973ರ ತೀರ್ಪು, ಚರ್ಚುಗಳ ರಾಜಕೀಯ, ತೆರಿಗೆ ಸಿಟ್ಟು ಎಲ್ಲ ಸೇರ್ತು. ಆದ್ರೆ ಬೀಗ ತೆಗೆದ ಕೀಲಿಕೈ ಯಾವುದು ಅಂದ್ರೆ ನಾನು 1965 ಅಂತೀನಿ, 1964 ಅಲ್ಲ. ಕಪ್ಪು ಜನ ಲಿಸ್ಟಿಗೆ ಬಂದು ದಕ್ಷಿಣದ ಡೆಮಾಕ್ರಟ್ ಪಾರ್ಟಿಯೊಳಗೆ ಕೂತ ಮೇಲೇ ಬಿಳಿಯರು ಮನೆ ಬದಲಾಯಿಸಿದ್ದು. 1968ರ ಶಿಕಾಗೊ ಅಧಿವೇಶನಕ್ಕೆ ಹೇಮರ್ ಮಿಸಿಸಿಪ್ಪಿಯ ಅಧಿಕೃತ ಪ್ರತಿನಿಧಿಯಾಗಿ ಬಂದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ತು.

ಈ ಕಾನೂನಿನ ಹಲ್ಲು ಈಗ ಪೂರ್ತಿ ಇಲ್ಲ ಅನ್ನೋದೂ ಗೊತ್ತಿರಲಿ. 2013ರ ಜೂನಲ್ಲಿ ಶೆಲ್ಬಿ ಕೌಂಟಿ ಕೇಸಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ, ಯಾವ ರಾಜ್ಯ ಮೊದಲೇ ಒಪ್ಪಿಗೆ ತಗೋಬೇಕು ಅನ್ನೋ ಆ ಲೆಕ್ಕಾಚಾರ ಹಳೇದಾಯ್ತು ಅಂತ ಹೊಡೆದುಹಾಕ್ತು. ಮಳೇಲಿ ನೆನೀತಿಲ್ಲ ಅಂತ ಕೊಡೆ ಬಿಸಾಕಿದ ಹಾಗೆ ಅಂತ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಭಿನ್ನ ತೀರ್ಪಲ್ಲಿ ಬರೆದ್ರು. ನಾನು ಅವರ ಕಡೆಯೇ.

ನಿಮ್ಮ ತಮ್ಮನಿಗೆ ಇನ್ನೊಂದು ವಿಷಯ ಹೇಳಿ. 1946ರಿಂದ ಭಾರತಕ್ಕಿದ್ದ ವಲಸೆ ಕೋಟಾ ವರ್ಷಕ್ಕೆ 100 ಜನ. ಸೆಲ್ಮಾದ ಅದೇ 1965ರ ಅಕ್ಟೋಬರ್ 3ಕ್ಕೆ, ಅದೇ ಜಾನ್ಸನ್, ಲಿಬರ್ಟಿ ಪ್ರತಿಮೆ ಕೆಳಗೆ ಕೂತು ಆ ಕೋಟಾ ತೆಗೆಯೋ ಕಾನೂನಿಗೆ ಸಹಿ ಹಾಕಿದ್ರು, ಬಣ್ಣ ಹುಟ್ಟೂರು ನೋಡಿ ಜನರನ್ನ ತಡೆಯೋದು ತಪ್ಪು ಅನ್ನೋ ಮಾತು ದೇಶದ ಒಳಗೆ ಗೆದ್ದಿದ್ದರಿಂದಲೇ ಗಡಿಯಲ್ಲೂ ಗೆಲ್ತು. ನಮ್ಮ ಡಾಕ್ಟರು ಇಂಜಿನಿಯರುಗಳು ಸಾವಿರಗಟ್ಟಲೆ ಹೋಗೋಕೆ ದಾರಿ ಆಗಿದ್ದು ಅದು.

ಅಟ್ಲಾಂಟಾದಿಂದ ಸೆಲ್ಮಾಗೆ ಕಾರಲ್ಲಿ ಮೂರು ಮೂರೂವರೆ ಗಂಟೆ, ಒಂದು ಭಾನುವಾರ ಹೋಗಿ ಆ ಸೇತುವೆ ಮೇಲೆ ನಡ್ಕೊಂಡು ಬರೋಕೆ ಹೇಳಿ. ಮೇಲೆ ದೊಡ್ಡ ಅಕ್ಷರದಲ್ಲಿ ಎಡ್ಮಂಡ್ ಪೆಟಸ್ ಅಂತ ಬರೆದಿದೆ, ಗುಲಾಮಗಿರಿ ಉಳಿಸೋಕೆ ಹೋರಾಡಿದ ಸೈನ್ಯದ ಜನರಲ್, ಕ್ಲಾನ್ ಮುಖಂಡ, ಆಮೇಲೆ ಡೆಮಾಕ್ರಟ್ ಸೆನೆಟರ್. ತಲೆ ಒಡೆಸ್ಕೊಂಡ ಜಾನ್ ಲೂಯಿಸ್ ಅದೇ ಡೆಮಾಕ್ರಟ್ ಪಾರ್ಟಿಯಿಂದ, ನಿಮ್ಮ ತಮ್ಮ ಇರೋ ಅಟ್ಲಾಂಟಾದಿಂದಲೇ, 1987ರಿಂದ 2020ರಲ್ಲಿ ತೀರಿಹೋಗೋವರೆಗೂ ಹೌಸಲ್ಲಿ ಕೂತಿದ್ರು.